ಕನ್ನಡಿಗೆ ಊದಿದ ಹ

ನಾನು ಅವತ್ತು ಊಹೂಂ ಅನ್ನಲಿಲ್ಲ. ಹೂಂ ಅಂದೆ.

ಕೇಳಿದವಳು ಮುನಿರತ್ನ, ನನ್ನ ಜೊತೆ ಪಾಠ ಮಾಡುತ್ತಿದ್ದವಳು. ಅವಳು ಕೇಳಿದ್ದು ಒಂದೇ ಒಂದು ಅಕ್ಷರದ ಬಗ್ಗೆ. ಸರಿಯಾದ ಉತ್ತರ ಊಹೂಂ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಹೂಂ ಅಂದೆ. ಆ ಹೂಂ ಅವಳ ಕೆಲಸವನ್ನು ತೆಗೆಯಿತು, ಆಮೇಲೆ ಅವಳ ಮಾತನ್ನು ತೆಗೆಯಿತು, ಆಮೇಲೆ — ಆಮೇಲಿನದನ್ನು ಆಮೇಲೆ ಬರೆಯುತ್ತೇನೆ. ಈಗಲೇ ಬರೆಯಹೋದರೆ ಕೈ ನಿಂತುಬಿಡುತ್ತದೆ.

ಇಪ್ಪತ್ತು ವರ್ಷಕ್ಕಿಂತ ಹೆಚ್ಚು ಕಾಲ ಈ ಸಂಗತಿಯನ್ನು ನಾನು ಬೇರೆ ಬೇರೆ ರೀತಿಯಲ್ಲಿ ನೆನಪಿಟ್ಟುಕೊಂಡಿದ್ದೆ. ಒಂದು ರೀತಿಯಲ್ಲಿ ನನ್ನ ಬಾಯಲ್ಲಿ ಪಿನ್ನುಗಳಿದ್ದವು, ಹಾಗಾಗಿ ಏನು ಅಂದೆನೋ ನನಗೇ ತಿಳಿಯದು. ಇನ್ನೊಂದರಲ್ಲಿ ಕನ್ನಡಿ ಅಲುಗಿತು, ಅದರೊಳಗಿನ ನನ್ನ ತಲೆ ಆಡಿತು, ನನ್ನದಲ್ಲ. ಮೂರನೆಯದು ಎಲ್ಲಕ್ಕಿಂತ ನುಣ್ಣಗಿದೆ: ನಾನು ಊಹೂಂ ಅಂದೆ, ಅವಳಿಗೆ ಹೂಂ ಎಂದು ಕೇಳಿಸಿತು. ಇದನ್ನು ಎಷ್ಟು ಸಲ ನೆನೆಸಿಕೊಂಡಿದ್ದೇನೆ ಅಂದರೆ ಅದರ ದನಿ ಕೂಡ ಕಿವಿಯಲ್ಲಿ ಉಳಿದಿದೆ. ಊಹೂಂ — ನನ್ನದೇ ದನಿ, ಸ್ಪಷ್ಟವಾಗಿ. ನಡೆಯದೇ ಇದ್ದದ್ದು ಇಷ್ಟು ಸ್ಪಷ್ಟವಾಗಿ ಕೇಳಿಸುತ್ತದೆ. ಅದಕ್ಕೇ ಸ್ಪಷ್ಟವಾದ ನೆನಪು ಅಂದರೆ ನನಗೆ ಹೆದರಿಕೆ.

ನನ್ನ ಹೆಸರು ಹೇಮಾವತಿ. ಬೂದಿಕೋಟೆ ಪಕ್ಕದ ನಮ್ಮ ಹಳ್ಳಿಯಲ್ಲಿ ಆ ಹೆಸರು ಯಾರ ಬಾಯಲ್ಲೂ ಪೂರ್ತಿ ಬಂದದ್ದಿಲ್ಲ. ನಮ್ಮ ಕಡೆ ಪದದ ಮೊದಲಿಗೆ ಹ ನಿಲ್ಲುವುದಿಲ್ಲ. ಹೋಗು ಅನ್ನುವುದು ಓಗು, ಹಾಲು ಅನ್ನುವುದು ಆಲು. ನಾನು ಏಮಾ. ಅಮ್ಮ ಹಾಲಿನ ಕ್ಯಾನು ಹಿಡಿದು ಡೇರಿಗೆ ಹೊರಡುವಾಗ ಹಾಗೇ ಕೂಗುತ್ತಿದ್ದಳು. ತೆಲುಗು ಮಾತಾಡುವ ಪಕ್ಕದ ಮನೆಯವರ ಬಾಯಲ್ಲಿ ಅದು "ಏಮ್ಮಾ" ಆಗುತ್ತಿತ್ತು — ಏನಮ್ಮಾ ಎಂದು ಕೇಳಿದ ಹಾಗೆ. ಮುಂದೆ ಕೆ.ಜಿ.ಎಫ್.ಗೆ ಕೆಲಸಕ್ಕೆ ಬಂದಾಗ ತಮಿಳಿನವರ ಬಾಯಲ್ಲೂ ಅದೇ "ಏಮ್ಮಾ", ಅಲ್ಲಿ ಅದರ ಅರ್ಥ ಯಾಕಮ್ಮಾ. ಒಂದು ಹ ಬಿದ್ದುಹೋಗಿ ನನ್ನ ಹೆಸರು ಎರಡು ಭಾಷೆಯಲ್ಲಿ ಪ್ರಶ್ನೆಯಾಗಿತ್ತು. ಚಿಕ್ಕವಳಿದ್ದಾಗ ಅದು ತಮಾಷೆ.

ತಮಾಷೆ ಮುಗಿದದ್ದು ಕೋಲಾರದಲ್ಲಿ, ಟೀಚರ್ ಟ್ರೈನಿಂಗಿಗೆ ಸೇರಿದ ಮೊದಲ ದಿನ. ಮೇಷ್ಟ್ರು ಹೆಸರು ಕೇಳಿದರು. ಎದ್ದು ನಿಂತು "ನನ್ನ ಎಸ್ರು ಸಾರ್—" ಅಂದೆ.

"ಎಸರಾ? ಒಲೆ ಮೇಲಿಟ್ಟು ಬಂದಿದೀಯೇನಮ್ಮಾ? ಕುದೀತಾ ನೋಡು, ಮುದ್ದೆಗೆ ಹಿಟ್ಟು ಹಾಕೋಣ."

ಕ್ಲಾಸೆಲ್ಲ ನಕ್ಕಿತು. ನಕ್ಕವರಲ್ಲಿ ಅರ್ಧ ಜನ ಮನೆಯಲ್ಲಿ ಹೆಸರಿಗೂ ಎಸರು, ಮುದ್ದೆಯ ನೀರಿಗೂ ಎಸರು ಅನ್ನುವವರೇ. ಅವರ ಸರದಿ ಇನ್ನೂ ಬಂದಿರಲಿಲ್ಲ, ಅಷ್ಟೇ. ಕೋರ್ಸು ಮುಗಿಯುವವರೆಗೂ ನನ್ನನ್ನು ಮುದ್ದೆ ಅಂದರು. ನನ್ನ ಕೆನ್ನೆಯೂ ಹಾಗೇ ಇತ್ತು, ಹೆಸರು ಚೆನ್ನಾಗಿ ಅಂಟಿಕೊಂಡಿತು.

ಹಾಸ್ಟೆಲಿನಲ್ಲಿ ಸೀನಿಯರ್ ಒಬ್ಬಳು ದಾರಿ ಹೇಳಿಕೊಟ್ಟಳು. ಬಾಯಿಯ ಮುಂದೆ ಕನ್ನಡಿ ಹಿಡಿದು ಹ ಅನ್ನು. ಕನ್ನಡಿ ಮಸುಕಾದರೆ ಹ ಬಂದಿದೆ. ಮಸುಕಾಗದಿದ್ದರೆ ನೀನು ಅಂದದ್ದು ಬರೀ ಅ. ದಿನಾ ಬೆಳಗ್ಗೆ ನೂರು ಸಲ ಹೇಳಿದೆ. ಹಾಲು, ಹಗ್ಗ, ಹೆಸರು, ಹೇಮಾವತಿ. ಹ ಸರಿಯಾಗಿ ಬಂದಷ್ಟೂ ನನ್ನ ಮುಖ ಕಾಣುತ್ತಿರಲಿಲ್ಲ. ಒಂದೊಂದು ಸರಿಯಾದ ಉಚ್ಚಾರಣೆಗೂ ಕನ್ನಡಿಯೊಳಗಿನ ಮುದ್ದೆ ಅಳಿಸಿಹೋಗುತ್ತಿದ್ದಳು. ಅದು ನನಗೆ ಹಿತವಾಗಿತ್ತು — ಇದನ್ನೂ ಬರೆಯಬೇಕು. ನಮ್ಮ ತಾತ ತೀರಿಕೊಂಡ ದಿನ ಅವನ ಮೂಗಿನ ಹತ್ತಿರ ಯಾರೋ ಹೀಗೇ ಕನ್ನಡಿ ಹಿಡಿದು ನೋಡಿದ್ದರು, ಅದು ಮಸುಕಾಗಲಿಲ್ಲ. ಆ ಕನ್ನಡಿಯೇ ಆಮೇಲೆ ನನ್ನ ಪೆಟ್ಟಿಗೆಯಲ್ಲಿ ಕೋಲಾರಕ್ಕೆ ಬಂದದ್ದು ಎಂದು ಬರೆದರೆ ಕತೆ ಚೆನ್ನಾಗಿರುತ್ತದೆ. ಬಂತೋ ಇಲ್ಲವೋ, ನನಗೆ ಗೊತ್ತಿಲ್ಲ.

ಕೋರ್ಸು ಮುಗಿಸಿ ಕೆ.ಜಿ.ಎಫ್.ನ ಚಾಂಪಿಯನ್ ರೀಫ್ಸ್‌ನ ಒಂದು ಖಾಸಗಿ ಶಾಲೆಗೆ ಸೇರಿದೆ. ಈಗ ಆ ಶಾಲೆ ಇಲ್ಲ. ಚಿನ್ನದ ಗಣಿ ಮುಚ್ಚಿ ಕೆಲವೇ ವರ್ಷಗಳಾಗಿದ್ದವು. ಬೂದಿಕೋಟೆಯಿಂದ ಬಸ್ಸಿನಲ್ಲಿ ಬಂಗಾರಪೇಟೆ, ಅಲ್ಲಿಂದ ರೈಲು. ಬೆಳಗ್ಗೆ ಊರಿಗೆ ಊರೇ ಬೆಂಗಳೂರಿನ ಕಡೆಗೆ ನುಗ್ಗುವಾಗ ಎದುರು ದಿಕ್ಕಿನ ಖಾಲಿ ಡಬ್ಬಿಯಲ್ಲಿ ನಾವಿಬ್ಬರೇ ಕೂತಿರುತ್ತಿದ್ದೆವು, ನಾನು ಮತ್ತು ಮುನಿರತ್ನ. ಅವಳು ಬೇತಮಂಗಲದವಳು, ಬಂಗಾರಪೇಟೆಯಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದಳು. ಅದೇ ಶಾಲೆ, ಅದೇ ಕನ್ನಡ ಪಾಠ, ನನ್ನ ಹಾಗೇ ತಾತ್ಕಾಲಿಕ. ಶಾಲೆಯಲ್ಲಿ ಕನ್ನಡಕ್ಕೆ ಇದ್ದದ್ದು ಒಂದೇ ಕಾಯಂ ಹುದ್ದೆ. ಜೂನ್ ಹೊತ್ತಿಗೆ ಇಬ್ಬರಲ್ಲಿ ಒಬ್ಬಳು ಉಳಿಯಬೇಕು, ಇನ್ನೊಬ್ಬಳು ಹೋಗಬೇಕು. ಇದು ಇಬ್ಬರಿಗೂ ಗೊತ್ತಿತ್ತು. ಅವಳು ಅದರ ಬಗ್ಗೆ ತಮಾಷೆ ಮಾಡುತ್ತಿದ್ದಳು. ನಾನು ಮಾಡುತ್ತಿರಲಿಲ್ಲ.

ಮಕ್ಕಳಿಗೆ ಅವಳೆಂದರೆ ಜೀವ. ಒಂದೇ ಪದ್ಯವನ್ನು ಕನ್ನಡದಲ್ಲಿ ಓದಿ, ತಮಿಳಿನಲ್ಲಿ ಬಿಡಿಸಿ, ತೆಲುಗಿನಲ್ಲಿ ನಗಿಸಿ ಮುಗಿಸುತ್ತಿದ್ದಳು. ನನ್ನ ಕ್ಲಾಸಿನಲ್ಲಿ ಸೂಜಿ ಬಿದ್ದರೆ ಕೇಳುತ್ತಿತ್ತು. ನಾನು ಅದನ್ನು ಶಿಸ್ತು ಅಂದುಕೊಂಡಿದ್ದೆ. ಅವಳಲ್ಲಿ ಇಲ್ಲದ್ದು ಒಂದೇ, ಹ. ನನ್ನಲ್ಲಿ ಇದ್ದದ್ದೂ ಅದೊಂದೇ.

"ನಂಗೂ ಕಲ್ಸೇ ಏಮಾ" ಎಂದು ಅವಳೇ ಕೇಳಿದಳು. ಕೆಂಪು ಪ್ಲಾಸ್ಟಿಕ್ ಅಂಚಿನ ದುಂಡು ಕನ್ನಡಿ ಅವಳ ಕೈಚೀಲದಲ್ಲಿತ್ತು. ರೈಲಿನಲ್ಲಿ ಕನ್ನಡಿ ಹಿಡಿದು ಹೇಳಿಕೊಟ್ಟೆ. ಕನ್ನಡಿ ಮಸುಕಾದಾಗೆಲ್ಲ ಅದರ ಮೇಲೆ ಬೆರಳಿನಿಂದ ಒಂದು ಹ ಬರೆದು ಕುಣಿಯುತ್ತಿದ್ದಳು. ಹೆಚ್ಚು ತಿದ್ದಿದರೆ, "ಓಗೇ, ನಿನ್ ಅಕ್ಷರ ನೀನೇ ಮಡಿಕ್ಕೋ!" ಎಂದು ಕನ್ನಡಿಯನ್ನು ನನ್ನ ಮಡಿಲಿಗೆ ಎಸೆಯುತ್ತಿದ್ದಳು. ಅವಳ ಈ "ಓಗೇ" ನನಗೆ ಇಷ್ಟವಿತ್ತು.

ಹ ಸೇರಿಸಿದರೆ ಮಾತಿಗೆ ಮರ್ಯಾದೆ ಬರುತ್ತದೆ — ಇದನ್ನು ಅವಳಿಗೆ ಹೇಳಿಕೊಟ್ಟವಳು ನಾನು. ಅನುಮಾನ ಬಂದರೆ ಹ ಹಾಕು, ಬಿಡಬೇಡ. ಅವಳು ಅದನ್ನೇ ನಂಬಿದಳು.

ಶಾಲೆಯ ಹಿಂಬದಿ ಗೋಡೆಯಾಚೆ ತಂತಿ ಬೇಲಿ ಹಾಕಿದ ಹಳೆಯ ಶಾಫ್ಟ್ ಒಂದಿತ್ತು, ಗಣಿಗೆ ಇಳಿಯುವ ಬಾವಿ. ಒಳಗೆ ನೀರು ತುಂಬುತ್ತಿದೆ ಅನ್ನುತ್ತಿದ್ದರು. ಚಳಿಗಾಲದ ಬೆಳಗ್ಗೆ ಅದರ ಬಾಯಿಂದ ಬೆಚ್ಚಗಿನ ಗಾಳಿ ಹೊಗೆಯ ಹಾಗೆ ಮೇಲೇಳುತ್ತಿತ್ತು. ಒಂದು ದಿನ ಅದನ್ನು ನೋಡಿ ಮುನಿರತ್ನ, "ನೋಡೇ, ನೆಲಾನೂ ಹ ಕಲೀತಾ ಐತೆ. ಅದುಕ್ಕೂ ನೀನೇ ಮಿಸ್ಸಾ?" ಅಂದಳು. ನಾವಿಬ್ಬರೂ ನಕ್ಕೆವು. ಆಮೇಲೆ ನಾನು ಒಬ್ಬಳೇ ಆ ಕಡೆ ಹೋಗುವುದನ್ನು ಬಿಟ್ಟೆ. ಅಲ್ಲಿ ನಿಂತರೆ ನನ್ನ ಮುಖದ ಹತ್ತಿರ ಯಾರೋ ಕನ್ನಡಿಗೆ ಊದಿದ ಹಾಗೆ ಊದುತ್ತಿದ್ದಾರೆ, ಮಸುಕಾಗುತ್ತಿರುವುದು ನಾನು — ಹೀಗೆ ಅನ್ನಿಸುತ್ತಿತ್ತು.

ಫೆಬ್ರವರಿಯಲ್ಲಿ ಶಾಲೆಯ ವಾರ್ಷಿಕೋತ್ಸವ. ಶಾಲೆ ನಡೆಸುವವರನ್ನು ಅಲ್ಲಿ ಕರೆಸ್ಪಾಂಡೆಂಟ್ ಅನ್ನುತ್ತಾರೆ. ಅವರು ನಮ್ಮಿಬ್ಬರನ್ನೂ ಕರೆದು, ಸ್ವಾಗತ ಮತ್ತು ನಿರೂಪಣೆ ಮುನಿರತ್ನ ಮಿಸ್, ಬಹುಮಾನದ ಪಟ್ಟಿ ಹೇಮಾವತಿ ಮಿಸ್ ಅಂದರು. ಹೊರಗೆ ಬಂದಾಗ ಗುಮಾಸ್ತರು ಅವಳಿಗೆ, "ಸ್ವೀಟು ಯಾವಾಗ ಮಿಸ್?" ಎಂದು ಕೇಳಿದರು. ಹುದ್ದೆ ಯಾರದೆಂದು ಅವರಿಗೆ ತಿಳಿದಿತ್ತು. ನನಗೂ ತಿಳಿಯಿತು.

ಸ್ವಾಗತ ಭಾಷಣವನ್ನು ಹೆಡ್‌ಮಿಸ್ಟ್ರೆಸ್ ಹೇಳುತ್ತಾ ಹೋದರು, ಅವಳು ಬರೆದುಕೊಂಡಳು. ಹ ಇರುವಲ್ಲೆಲ್ಲ ಕೆಂಪು ಪೆನ್ನಿನಿಂದ ಗುರುತು ಹಾಕಿಕೊಟ್ಟವಳು ನಾನು. ಅಲ್ಲಿಯವರೆಗೆ ಪ್ರಾಮಾಣಿಕವಾಗಿಯೇ ಹಾಕಿದ್ದೆ. ಇದನ್ನು ನನ್ನ ಪರವಾಗಿ ಹೇಳುತ್ತಿಲ್ಲ.

ಈಗ ಆ ಮಧ್ಯಾಹ್ನ.

ಏಳನೇ ಕ್ಲಾಸಿನ ರೂಮಿನಲ್ಲಿ ಮಕ್ಕಳನ್ನೆಲ್ಲ ಸಿಂಗರಿಸಿ ಕಳಿಸಿದ್ದೆವು. ಯಾರದೋ ಮನೆಯ ಬೀರುವಿನಿಂದ ಬಿಚ್ಚಿ ತಂದ ಉದ್ದನೆಯ ಕನ್ನಡಿಯನ್ನು ಬೋರ್ಡಿಗೆ ಒರಗಿಸಿತ್ತು. ಅದರ ಮುಂದೆ ಮುನಿರತ್ನ, ಅವಳ ಹಿಂದೆ ನಾನು. ಬಾಯಲ್ಲಿ ಮೂರು ಪಿನ್ನು ಕಚ್ಚಿಕೊಂಡು ಅವಳ ಸೆರಗಿನ ನೆರಿಗೆ ಹಿಡಿಯುತ್ತಿದ್ದೆ. ಎರಡೋ ಮೂರೋ. ಚಿಕ್ಕಮ್ಮನ ರೇಷ್ಮೆ ಸೀರೆ, ನೇರಳೆ ಬಣ್ಣ. ಅವಳು ಕೈಯಲ್ಲಿದ್ದ ಹಾಳೆಯನ್ನು ಮೆಲ್ಲಗೆ ಓದಿಕೊಳ್ಳುತ್ತಿದ್ದವಳು ನಿಂತಳು.

"ಏ ಏಮಾ, ಇದೊಂದು ನೋಡೇ. ಆದರದ ಸ್ವಾಗತ. ಇಲ್ಲಿ ಬರೀ ಆ ಬರ್ದಿದೀನಿ. ನಾನೇ ತಪ್ಪು ಬರ್ಕೊಂಡ್ನೇನೋ. ಇಂಗೇ ಅಂದ್ರೆ ನಮ್ಮಜ್ಜಿ ಬೈಗುಳದಂಗೆ ಕೇಳ್ತದಲ್ಲೇ. ಆದ್ರಗಿತ್ತಿ, ಆದ್ರ ಮಾಡ್ದೋಳು ಅಂತಾಳಲ್ಲ, ಅಂಗೆ. ಇದುಕ್ಕೆ ಹ ಬರ್ಬೇಕಲ್ವಾ? ಹ ಆಕುದ್ರೆ ತಾನೇ ಮರ್ಯಾದೆ ಮಾತಾಗೋದು?"

ನಿಜ ಅದರ ತಿರುವುಮುರುವು. ಮರ್ಯಾದೆಯ ಆದರಕ್ಕೆ ಹ ಇಲ್ಲ. ಅವಳ ಅಜ್ಜಿಯ ಬೈಗುಳಕ್ಕೇ ಹ ಇರುವುದು — ಹಾದರ. ನಮ್ಮೂರ ಬಾಯಲ್ಲಿ ಎರಡೂ ಒಂದೇ ದನಿ. ಅವಳಿಗೆ ಆ ದನಿ ಹೆದರಿಕೆ ಹುಟ್ಟಿಸಿತ್ತು, ತಪ್ಪಿಸಿಕೊಳ್ಳಲು ನಾನು ಕಲಿಸಿದ ದಾರಿಯನ್ನೇ ಹುಡುಕುತ್ತಿದ್ದಳು. ಕನ್ನಡಿಯಲ್ಲಿ ನನ್ನ ಮುಖ ನೋಡುತ್ತಾ ಕಾಯುತ್ತಿದ್ದಳು.

ಆಗ ಕನ್ನಡಿ ಅಲುಗಿತು. ಇದು ಸುಳ್ಳಲ್ಲ. ಮುಚ್ಚಿದ ಗಣಿಯೊಳಗೆ ಎಲ್ಲೋ ಬಂಡೆ ಸಡಿಲವಾದರೆ ಮೇಲೆ ಕಿಟಕಿ ಗಾಜು ನಡುಗುತ್ತಿತ್ತು. ಅಲ್ಲಿಯ ಹಳಬರು ಅದನ್ನು ಏರ್‌ಬ್ಲಾಸ್ಟ್ ಎಂದು ಕರೆದು ತಮ್ಮ ಕೆಲಸ ಮುಂದುವರಿಸುತ್ತಿದ್ದರು. ಅವತ್ತೂ ಪಾದದ ಕೆಳಗೆ ಒಂದು ನಡುಕ ಹಾದುಹೋಯಿತು. ಕನ್ನಡಿಯೊಳಗಿನ ನಮ್ಮಿಬ್ಬರ ತಲೆ ಒಂದು ಸಲ ಕೆಳಗೆ ಹೋಗಿ ಮೇಲೆ ಬಂತು. ಒಳಗಿನ ನಾನು ಹೌದು ಎಂದು ತಲೆಯಾಡಿಸಿ ಆಗಿತ್ತು. ಹೊರಗಿನ ನಾನು ಇನ್ನೂ ಏನೂ ಹೇಳಿರಲಿಲ್ಲ. ಒಳಗಿನವಳು ಮುಂದೆ, ನಾನು ಹಿಂದೆ — ಆ ಎರಡರ ನಡುವಿನ ಜಾಗ ಎಷ್ಟು ಉದ್ದವಿತ್ತೆಂದರೆ ನಾನು ಅದರಲ್ಲಿ ಬೇಕಾದ್ದನ್ನು ಹೇಳಬಹುದಿತ್ತು. ಪಿನ್ನು ತೆಗೆದು ವಿವರಿಸಬಹುದಿತ್ತು.

ಹೂಂ ಅಂದೆ. ಮೂಗಿನಿಂದ. ಪಿನ್ನು ಕಚ್ಚಿಕೊಂಡೇ.

ಪಿನ್ನು, ಕನ್ನಡಿ, ಅವಳ ಕಿವಿ — ಈ ಮೂರನ್ನೂ ನಾನು ಇಷ್ಟು ವರ್ಷ ಸಾಕಿದೆ. ಆದರೆ ಒಂದು ವಿಷಯ ಮೂರನ್ನೂ ಸುಳ್ಳು ಮಾಡುತ್ತದೆ. ಮೇಜಿನ ಮೇಲಿದ್ದ ಕೆಂಪು ಪೆನ್ನನ್ನು ಎತ್ತಿ ನಾನೇ ಅವಳ ಕೈಗೆ ಕೊಟ್ಟೆ. ಊಹೂಂ ಅಂದವಳು ಪೆನ್ನು ಕೊಡುತ್ತಾಳಾ? ಅವಳು ಆ ಪದದ ತಲೆಯ ಮೇಲೆ ಒಂದು ಹ ಬರೆದಳು. ಅವಳ ಹಕಾರದ ಬಾಲ ಯಾವಾಗಲೂ ಸ್ವಲ್ಪ ಒಳಕ್ಕೆ ಬಾಗಿರುತ್ತಿತ್ತು.

ಸಂಜೆ ನಾಲ್ಕಕ್ಕೆ ಸಭೆ. ಶಾಲೆಯ ಬಯಲಿನಲ್ಲಿ ಶಾಮಿಯಾನ. ನೀಲಗಿರಿ ಮರಕ್ಕೆ ಕಟ್ಟಿದ ಎರಡು ಹಾರ್ನ್ ಸ್ಪೀಕರುಗಳ ಬಾಯಿ ಸೈನೈಡ್ ದಿಬ್ಬದ ಕಡೆಗಿತ್ತು. ಚಿನ್ನ ತೆಗೆದು ಉಳಿದ ಪುಡಿಯನ್ನು ನೂರು ವರ್ಷ ಸುರಿದು ಸುರಿದು ಆದ ಬೂದು ಬೆಟ್ಟ ಅದು. ಅದರ ಮೇಲೆ ಹುಲ್ಲೂ ಸರಿಯಾಗಿ ಹುಟ್ಟುವುದಿಲ್ಲ. ಮೈಕಿನಲ್ಲಿ ಏನು ಹೇಳಿದರೂ ಒಂದು ಗಳಿಗೆ ಬಿಟ್ಟು ದಿಬ್ಬ ಅದನ್ನು ವಾಪಸು ಹೇಳುತ್ತಿತ್ತು.

ಮುನಿರತ್ನ ಮೈಕಿನ ಮುಂದೆ ನಿಂತಳು. ಹೆದರಿಕೆ ಇರಲಿಲ್ಲ. ಗಣ್ಯರು, ಪೋಷಕರು, ಎಲ್ಲರ ಹೆಸರೂ ಆಯಿತು, ಒಂದು ಹ ಕೂಡ ತಪ್ಪಲಿಲ್ಲ. ಆಮೇಲೆ, "ನಿಮ್ಮೆಲ್ಲರಿಗೂ ಹಾದರದ ಸ್ವಾಗತ."

ಅವಳ ಜೀವನದಲ್ಲೇ ಅಷ್ಟು ಚೆಂದದ ಹ ಬಂದಿರಲಿಲ್ಲ. ಕನ್ನಡಿ ಹಿಡಿದಿದ್ದರೆ ಪೂರ್ತಿ ಮಸುಕಾಗುತ್ತಿತ್ತು.

ಒಂದು ಗಳಿಗೆ ಖಾಲಿ ಹೋಯಿತು. ಆಮೇಲೆ ನಗು. ಅದು ಒಂದೇ ಸಲಕ್ಕೆ ಬರಲಿಲ್ಲ, ಮೂರು ಸಲ ಬಂತು. ಮೊದಲು ಕನ್ನಡದವರು ನಕ್ಕರು. ಪಕ್ಕದವರು ತೆಲುಗಿನಲ್ಲಿ ಬಿಡಿಸಿ ಹೇಳಿದ ಮೇಲೆ ಎರಡನೇ ನಗು. ಹಿಂದಿನ ಸಾಲಿನಲ್ಲಿ ಒಬ್ಬ ಹೆಂಗಸು "ಎನ್ನ ಸೊನ್ನಾಂಗ?" — ಏನಂದರು — ಎಂದು ತಮಿಳಿನಲ್ಲಿ ಕೇಳುತ್ತಿದ್ದಳು, ಉತ್ತರ ಅವಳವರೆಗೆ ಹೋಗಿ ಮುಟ್ಟಿದ ಮೇಲೆ ಮೂರನೆಯದು. ಮೊದಲನೆಯ ನಗು ಏಳುವ ಮುಂಚಿನ ಆ ಖಾಲಿ ಗಳಿಗೆಯಲ್ಲಿ ದಿಬ್ಬ ಮಾತಾಡಿತು. ದೂರಕ್ಕೆ ಹ ಉಳಿಯುವುದಿಲ್ಲ, ಗಾಳಿಯಲ್ಲೇ ಸವೆಯುತ್ತದೆ. ಅಲ್ಲಿಂದ ಬಂದದ್ದು, "…ಆದರದ ಸ್ವಾಗತ."

ಬೆಟ್ಟ ಸರಿಯಾಗಿ ಹೇಳಿತು. ಅದನ್ನು ಕೇಳಿಸಿಕೊಂಡವಳು ನಾನೊಬ್ಬಳೇ ಎಂದು ಇಷ್ಟು ದಿನ ಅಂದುಕೊಂಡಿದ್ದೇನೆ. ಈಗಲೂ ಯಾವುದಾದರೂ ಸಭೆಯಲ್ಲಿ ಮೈಕು ಹಿಡಿದರೆ ನನ್ನ ಮಾತು ಮುಗಿದ ಮೇಲೆ ಒಂದು ಗಳಿಗೆ ಕಾಯುತ್ತೇನೆ. ದಿಬ್ಬ ಇಲ್ಲದ ಊರಿನಲ್ಲೂ ಅದು ಬರುತ್ತದೆ, ಹೆಂಗಸಿನ ದನಿಯಲ್ಲಿ.

ಅವಳಿಗೆ ಜನ ಯಾಕೆ ನಗುತ್ತಿದ್ದಾರೆಂದು ತಿಳಿಯಲಿಲ್ಲ. ವೇದಿಕೆಯ ಪಕ್ಕ ನಿಂತಿದ್ದ ನನ್ನ ಕಡೆ ತಿರುಗಿದಳು. ಆ ನೋಟದ ಅರ್ಥ ನನಗೆ ಗೊತ್ತು, ರೈಲಿನಲ್ಲಿ ದಿನಾ ನೋಡಿದ್ದೆ. ಹ ಕಮ್ಮಿಯಾಯ್ತೇನೇ? ನಾನು ನೆಲ ನೋಡಿದೆ. ಅವಳು ಮೈಕಿಗೆ ಇನ್ನೂ ಹತ್ತಿರ ಹೋಗಿ, ಇನ್ನೂ ಜೋರಾಗಿ ಉಸಿರು ಹಾಕಿ ಮತ್ತೊಮ್ಮೆ ಅದೇ ಮಾತು ಹೇಳಿದಳು.

ಕರೆಸ್ಪಾಂಡೆಂಟ್ ಎದ್ದು ನಿಂತು ನನಗೆ ಕೈ ಮಾಡಿದರು. ನಾನು ಹೋಗಿ ಮೈಕು ತೆಗೆದುಕೊಂಡೆ. "ಎಲ್ಲರಿಗೂ ಹೃತ್ಪೂರ್ವಕ ಸ್ವಾಗತ" ಅಂದೆ. ಚಪ್ಪಾಳೆ ಬಿತ್ತು. ಅವತ್ತಿನಿಂದ ಇವತ್ತಿನವರೆಗೆ ಎಷ್ಟೋ ಸಭೆಗಳಲ್ಲಿ ಸ್ವಾಗತ ಹೇಳಿದ್ದೇನೆ, ಆದರ ಅನ್ನುವ ಪದವನ್ನು ಒಮ್ಮೆಯೂ ಬಾಯಿಗೆ ತಂದಿಲ್ಲ.

ಸಭೆ ಮುಗಿದ ಮೇಲೆ ಸ್ಟಾಫ್ ರೂಮಿನಲ್ಲಿ ಎಲ್ಲರ ಎದುರು ಅವಳು ಕೇಳಿದಳು, "ನೀನೇ ಅಲ್ವೇನೇ ಹೂಂ ಅಂದಿದ್ದು?" ಜಗಳದ ದನಿ ಅಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕಿತ್ತು ಅವಳಿಗೆ.

"ಊಹೂಂ ಅಂದೆ ಕಣೇ. ನಿನಗೆ ಸರಿಯಾಗಿ ಕೇಳಿಸಲಿಲ್ಲ."

"ಅಂಗಾ?" ಅಂದಳು. ಕೈ ಎತ್ತಿ ತನ್ನ ಕಿವಿಯನ್ನು ಒಮ್ಮೆ ಮುಟ್ಟಿಕೊಂಡಳು. ಅಷ್ಟೇ. ನಂಬಿಬಿಟ್ಟಳು.

ಸ್ಟೇಷನ್ನಿನಲ್ಲಿ, ಬೀದಿಯಲ್ಲಿ ಹುಡುಗರು ಅವಳಿಗೆ ಹೊಸ ಹೆಸರಿಟ್ಟರು. ಅದನ್ನು ಇಲ್ಲಿ ಬರೆಯುವುದಿಲ್ಲ. ಎರಡು ವಾರ ಬಂದಳು, ಆಮೇಲೆ ಬರಲಿಲ್ಲ. ಹುದ್ದೆ ನನಗೆ ಬಂತು. ಅವಳ ಕೆಂಪಂಚಿನ ಕನ್ನಡಿ ನನ್ನ ಬ್ಯಾಗಿನಲ್ಲೇ ಉಳಿದಿತ್ತು.

ಯಾಕೆ ಹಾಗೆ ಮಾಡಿದೆ? ನನ್ನನ್ನು ಕೀಳೆಂದು ಕಂಡಿದ್ದರು, ನಾನೂ ನನ್ನನ್ನು ಕೀಳೆಂದೇ ನಂಬಿದ್ದೆ, ಇದ್ದ ಒಂದೇ ಅಕ್ಷರವನ್ನೂ ಅವಳಿಗೆ ಕೊಟ್ಟುಬಿಟ್ಟರೆ ನಾನು ಬರೀ ಮುದ್ದೆ — ಹೀಗೆಲ್ಲ ಬರೆಯಬಹುದು. ಬರೆದೂ ಇದ್ದೆ, ಎರಡು ಪುಟ. ಹರಿದೆ. ಅಂಥದೇ ಹಳ್ಳಿ, ಅದೇ ನಾಲಿಗೆ, ಅದೇ ನಗು ಅವಳಿಗೂ ಇತ್ತು. ಅವಳು ಯಾರ ಕನ್ನಡಿಯ ಮುಂದೆಯೂ ಹೂಂ ಅನ್ನಲಿಲ್ಲ.

ಹೋದ ತಿಂಗಳು ಅವಳು ಬಂದಳು. ನಾನೀಗ ಬಂಗಾರಪೇಟೆಯಲ್ಲಿ ಬೇರೊಂದು ಶಾಲೆಯಲ್ಲಿದ್ದೇನೆ. ಮಧ್ಯಾಹ್ನದ ಬಿಡುವಿನಲ್ಲಿ ಬಾಗಿಲಲ್ಲಿ ಒಬ್ಬ ಹೆಂಗಸು ನಿಂತಿದ್ದಳು. ಗುರುತು ಸಿಗಲಿಲ್ಲ.

"ನಮಸ್ಕಾರ, ಹೇಮಾವತಿ ಮೇಡಂ. ಹೇಗಿದ್ದೀರಿ?"

ಮಾತಾಡುವಾಗ ಅಂಗೈಯನ್ನು ಬಾಯಿಯ ಮುಂದೆ ಹಿಡಿದಿದ್ದಳು. ಬಾಯಿ ಮುಚ್ಚಿಕೊಳ್ಳಲು ಎಂದು ಮೊದಲು ಅಂದುಕೊಂಡೆ. ಅಲ್ಲ. ಒಂದೊಂದು ಹಕಾರಕ್ಕೂ ಉಸಿರು ತಗಲುತ್ತದೋ ಇಲ್ಲವೋ ಎಂದು ಅಂಗೈಯಲ್ಲಿ ನೋಡಿಕೊಳ್ಳುತ್ತಿದ್ದಳು. ಪ್ರತಿ ಹ ತಪ್ಪಿಲ್ಲದೆ ಬರುತ್ತಿತ್ತು, ದೀಪ ಆರಿಸಿದ ಹಾಗೆ. ನಡುವೆ ಯಾವ ದನಿಯ ಏರಿಳಿತವೂ ಇಲ್ಲ. ನನ್ನನ್ನು ನೀವು ಅಂದಳು. ನನ್ನನ್ನು ಏಮಾ ಎಂದು ಕರೆಯುವವರಲ್ಲಿ ಉಳಿದವಳು ಇವಳೊಬ್ಬಳೇ ಎಂದು ಆ ಗಳಿಗೆ ಹೊಳೆಯಿತು, ಅವಳೂ ಉಳಿದಿಲ್ಲವೆಂದೂ.

"ನನ್ನ ಮಗಳನ್ನು ಹೈಸ್ಕೂಲಿಗೆ ಸೇರಿಸಬೇಕು. ಹಳ್ಳಿಯ ಮಾತು ಬಾರದ ಹಾಗೆ ನೋಡಿಕೊಂಡಿದ್ದೇನೆ. ಹೊರಗೆ ಏನು ಹೇಳುವುದಿದ್ದರೂ ಮೊದಲು ಕನ್ನಡಿಯ ಮುಂದೆ ಹೇಳಿಸುತ್ತೇನೆ. ಅವಳು ಹೆಚ್ಚು ಮಾತನಾಡುವುದಿಲ್ಲ, ನಿಮಗೆ ತೊಂದರೆಯಾಗುವುದಿಲ್ಲ."

ಹೆಮ್ಮೆಯಿಂದಲೇ ಹೇಳಿದಳು. ನಾನು ಅರ್ಜಿ ತುಂಬಿಸುತ್ತಾ ಕೂತೆ. ಸ್ವಲ್ಪ ಹೊತ್ತಿನ ಮೇಲೆ ಅವಳೇ, "ಅವತ್ತಿನ ತಪ್ಪು ನನ್ನದೇ" ಅಂದಳು. "ನೀವು ಊಹೂಂ ಎಂದಿರಿ. ನನಗೆ ಹೂಂ ಎಂದು ಕೇಳಿಸಿತು. ಕೋಲಾರಕ್ಕೆ ಹೋಗಿ ಕಿವಿ ತೋರಿಸಿದೆ. ಕಿವಿ ಚೆನ್ನಾಗಿದೆ ಎಂದರು ಡಾಕ್ಟರು. ಅದನ್ನೂ ನಾನು ಸರಿಯಾಗಿ ಕೇಳಿಸಿಕೊಂಡಿರಲಿಕ್ಕಿಲ್ಲ." ಅಂಗೈ ಬಾಯಿಯ ಮುಂದೆಯೇ ಇತ್ತು. "ಯಾರು ಏನು ಹೇಳಿದರೂ ಎರಡು ಸಲ ಕೇಳುತ್ತೇನೆ. ಮಗಳಿಗೂ ಹೇಳಿದ್ದೇನೆ, ನಿನ್ನ ಕಿವಿಯನ್ನು ನಂಬಬೇಡ, ಅದು ನನ್ನ ಕಡೆಯದು ಎಂದು. ನೀವು ಊಹೂಂ ಎಂದಿರಿ, ಅಲ್ಲವೇ?"

ನನ್ನ ಬಾಯಲ್ಲಿ ಪಿನ್ನು ಇರಲಿಲ್ಲ. ಎದುರಿಗೆ ಕನ್ನಡಿ ಇರಲಿಲ್ಲ. ನೆಲ ನಡುಗಲಿಲ್ಲ.

ಹೂಂ ಅಂದೆ.

ಈ ಎರಡನೆಯ ಹೂಂ ಇಲ್ಲದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಮೊದಲನೆಯದನ್ನು ಮಾಡಿದವಳು ಇಪ್ಪತ್ತಮೂರರ ಹುಡುಗಿ ಎಂದು ದೂರ ನಿಲ್ಲಿಸಿಬಿಡಬಹುದಿತ್ತು.

ಅವತ್ತು ಸಂಜೆ ಮನೆಯಲ್ಲಿ ಹಳೆಯ ಪೆಟ್ಟಿಗೆ ತೆಗೆದೆ. ಕೆಂಪಂಚಿನ ಕನ್ನಡಿ ಬಟ್ಟೆಯಲ್ಲಿ ಸುತ್ತಿದ ಹಾಗೇ ಇತ್ತು. ಬಾಯಿಯ ಹತ್ತಿರ ಹಿಡಿದು ಹ ಎಂದು ಊದಿದೆ. ಮಸುಕಾಯಿತು. ಮಸುಕಿನ ನಡುವೆ ಒಂದು ಜಾಗ ಮಸುಕಾಗಲಿಲ್ಲ. ಒಂದು ಅಕ್ಷರ. ಹ. ಬಾಲ ಒಳಕ್ಕೆ ಬಾಗಿತ್ತು. ಬೆರಳಿನ ಜಿಡ್ಡು ಗಾಜಿನ ಮೇಲೆ ಉಳಿಯುತ್ತದೆ, ಉಸಿರು ಬಿದ್ದಾಗ ಕಾಣುತ್ತದೆ, ಮಕ್ಕಳಿಗೂ ಗೊತ್ತಿರುವ ವಿಷಯ. ಇಷ್ಟು ವರ್ಷ ಉಳಿಯುತ್ತದೆಯೇ, ಗೊತ್ತಿಲ್ಲ. ನಾನೇ ಯಾವಾಗಲೋ ಅವಳ ಹಾಗೆ ಬರೆದು ಮರೆತಿರಬಹುದು. ಉಸಿರು ಆರಿತು, ಅಕ್ಷರ ಹೋಯಿತು, ಆ ಜಾಗದಲ್ಲಿ ನನ್ನ ಮುಖ ಬಂತು. ಅದನ್ನು ಬಹಳ ಹೊತ್ತು ನೋಡಿದೆ. ಊದಿ ಅಳಿಸಲಿಲ್ಲ. ಮುದ್ದೆಯಂಥ ಕೆನ್ನೆ, ವಯಸ್ಸಾಗಿದೆ. ಆ ಮುಖದಲ್ಲಿ ನಾಚಿಕೆಪಡುವಂಥದ್ದು ಏನೂ ಇರಲಿಲ್ಲ. ನಾಚಿಕೆಪಡಬೇಕಾದ್ದು ಅದರ ಹಿಂದೆ ಇತ್ತು.

ಭಾನುವಾರ ಅರ್ಜಿಯಲ್ಲಿದ್ದ ವಿಳಾಸ ಹಿಡಿದು ಬೇತಮಂಗಲದ ಬಸ್ಸು ಹತ್ತಿದೆ. ಕೆರೆಯ ಏರಿಯ ಕೆಳಗೆ ಅವಳ ಮನೆ. ಬಾಗಿಲು ತೆರೆದಿತ್ತು. ಎದುರು ಗೋಡೆಯಲ್ಲಿ ಒಂದು ಕನ್ನಡಿ, ಹನ್ನೆರಡು ಹದಿಮೂರು ವರ್ಷದವರ ಬಾಯಿಯ ಎತ್ತರಕ್ಕೆ. ನಡುವೆ ಮಾಸಿದ ದುಂಡು ಕಲೆ, ಉಸಿರು ಬಿದ್ದು ಬಿದ್ದು. ಪಕ್ಕದಲ್ಲಿ ಮಗಳು ನಿಂತಿದ್ದಳು. ಮುನಿರತ್ನ "ಹೇಳಿ, ಮೇಡಂ" ಅಂದಳು. ಕೂರಿ ಅನ್ನುವ ಮೊದಲೇ ನಾನು ಶುರು ಮಾಡಿದೆ, ನಮ್ಮೂರ ಮಾತಿನಲ್ಲಿ. ಇಷ್ಟು ವರ್ಷವಾದ ಮೇಲೆ ಅದು ನನ್ನ ಬಾಯಲ್ಲಿ ನಾಟಕದವರ ಮಾತಿನ ಹಾಗೆ ಕೇಳಿಸಿತು. ಆದರೂ ಬಿಡಲಿಲ್ಲ.

"ಏಳ್ತೀನಿ ಕೇಳು ಮುನಿರತ್ನಾ. ಆವತ್ತು ನಾನು ಅಂದಿದ್ದು ಹೂಂ. ಗೊತ್ತಿದ್ದೇ ಅಂದೆ. ನಿನ್ ಕಿವಿ ಸರಿಯಾಗೈತೆ."

ಅಂಗೈ ಬಾಯಿಯ ಮುಂದೆ ನಿಂತಿತ್ತು. "ಇನ್ನೊಮ್ಮೆ ಹೇಳಿ."

ಹೇಳಿದೆ. ಪೆನ್ನು ಕೊಟ್ಟದ್ದನ್ನೂ ಹೇಳಿದೆ. ಹೋದ ತಿಂಗಳ ಸುಳ್ಳನ್ನೂ ಹೇಳಿದೆ.

ಅವಳು ನನ್ನನ್ನು ನೋಡಲಿಲ್ಲ. ಮಗಳ ಕಡೆ ತಿರುಗಿ, "ಏನೆಂದರು?" ಎಂದು ಕೇಳಿದಳು.

ಆ ಹುಡುಗಿ ಒಮ್ಮೆ ಕನ್ನಡಿ ನೋಡಿದಳು, ಒಮ್ಮೆ ಅಮ್ಮನನ್ನು. ಆಮೇಲೆ ಕನ್ನಡಿಯ ಹತ್ತಿರ ಹೋಗದೆಯೇ ಹೇಳಿದಳು. "ಹೂಂ ಅಂದಿದ್ರಂತಮ್ಮ. ನಿನ್ ಕಿವಿ ಸರಿಯಾಗೈತಂತೆ."

ಹೊರಗೆ ಯಾರೋ ಎಮ್ಮೆ ಹೊಡೆದುಕೊಂಡು ಹೋದರು. ಮುನಿರತ್ನಳ ಕೈ ನಿಧಾನವಾಗಿ ಕೆಳಗೆ ಬಂತು. ಮೊದಲು ಬಾಯಿಂದ ಎದೆಗೆ, ಆಮೇಲೆ ಸೀರೆಯ ಪಕ್ಕಕ್ಕೆ. ಅವಳ ಮುಖದಲ್ಲಿ ಏನಿತ್ತೆಂದು ಬರೆಯುವುದಿಲ್ಲ, ಬರೆದರೆ ನನಗೆ ಬೇಕಾದ್ದನ್ನೇ ಬರೆಯುತ್ತೇನೆ. ಕೆಂಪಂಚಿನ ಕನ್ನಡಿಯನ್ನು ಕೊಡಲೆಂದು ಬ್ಯಾಗಿಗೆ ಕೈ ಹಾಕಿದೆ.

"ಓಗು" ಅಂದಳು.

ಬಾಯಿಯ ಮುಂದೆ ಕೈ ಇರಲಿಲ್ಲ. ಹಳೆಯ "ಓಗೇ" ಅಲ್ಲ ಅದು, ನಗು ಇರಲಿಲ್ಲ. ಹ ಕೂಡ ಇರಲಿಲ್ಲ. ನಾನು ಎರಡನೇ ಸಲ ಕೇಳಲಿಲ್ಲ. ಕನ್ನಡಿಯನ್ನು ಬ್ಯಾಗಿನಲ್ಲೇ ಬಿಟ್ಟು ಹೊರಗೆ ಬಂದು, ಚಪ್ಪಲಿ ಹಾಕಿಕೊಂಡು ಹೊರಟೆ.